ಹನ್ನೊಂದನೆಯ ಕಲಮಿನ ತಿದ್ದುಪಡಿ

ಹೊಸಪೇಟೆ
೧೯-೩-೧೯೩೪

ಕಂಪ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಮರುಳಸಿದ್ದಮ್ಮನವರಿಗೆ, ತಾಲೂಕು ಬೋರ್ಡಿನ ಗುಮಾಸ್ತ ತೋಟಪ್ಪನು ತಿಳಿಯಪಡಿಸುವುದು.

ಈ ತಿಂಗಳ ಕೊನೆಗೆ ನಮ್ಮ ತಾಲೂಕು ಬೋರ್ಡು ಮುಚ್ಚುತ್ತದೆ. ರಸ್ತೆ, ಬಾವಿ, ಶಾಲೆ, ಉಪಾಧ್ಯಾಯರು ಎಲ್ಲವೂ ಬಳ್ಳಾರಿಯ ಜಿಲ್ಲಾ ಬೋರ್ಡಿಗೆ ಸೇರುತ್ತವೆ. ನಿಮ್ಮ ಪ್ರಾವಿಡೆಂಟ್ ಫಂಡೂ ಅಲ್ಲಿಗೇ ಹೋಗುತ್ತದೆ. ಕಚೇರಿ ಬದಲಾದರೆ ನಿಯಮವೂ ಬದಲಾಗುತ್ತದಂತೆ. ಆದ್ದರಿಂದ ನಿಮ್ಮ ನಂತರ ಫಂಡು ಯಾರಿಗೆ ಸೇರಬೇಕೆಂದು ಬರೆದ ಹಳೆಯ ವಾರಸು ಫಾರಂ ಇನ್ನು ನಡೆಯುವುದಿಲ್ಲ. ಹೊಸ ಫಾರಂ ಇದರ ಜತೆ ಇಟ್ಟಿದ್ದೇನೆ. ಭರ್ತಿ ಮಾಡಿ ಬಳ್ಳಾರಿಯ ವಿಳಾಸಕ್ಕೆ ಕಳಿಸಬೇಕು. ಕಡತಗಳ ಜತೆ ನನ್ನನ್ನೂ ಅಲ್ಲಿಗೇ ಕಳಿಸುತ್ತಿದ್ದಾರೆ. ಏನಾದರೂ ತಿಳಿಯದಿದ್ದರೆ ನನ್ನ ಹೆಸರಿಗೇ ಬರೆಯಬಹುದು.

ತಮ್ಮ ವಿಧೇಯ
ತೋಟಪ್ಪ


ಕಂಪ್ಲಿ
೨-೪-೧೯೩೪

ಗುಮಾಸ್ತ ತೋಟಪ್ಪನವರಿಗೆ ಮರುಳಸಿದ್ದಮ್ಮನ ಶರಣು.

ಫಾರಂ ತುಂಬಿ ಕಳಿಸಿದ್ದೇನೆ. ಹಳೆಯದರಲ್ಲಿ ಇದ್ದ ಹೆಸರೇ ಇದರಲ್ಲೂ ಇದೆ: ನಿಂಗಕ್ಕ, ವಯಸ್ಸು ಸುಮಾರು ಐವತ್ತೆಂಟು, ಕಂಪ್ಲಿ, ಆಲೆಮನೆಯಲ್ಲಿ ಕೂಲಿ ಕೆಲಸ. "ಸಂಬಂಧ" ಎಂಬ ಅಂಕಣ ಖಾಲಿ ಬಿಟ್ಟಿದ್ದೇನೆ. ತಾಲೂಕು ಬೋರ್ಡಿನವರು ಅದನ್ನು ಕೇಳಿರಲಿಲ್ಲ. ಇಷ್ಟು ಸಾಕೇ?

ಮರುಳಸಿದ್ದಮ್ಮ


ಬಳ್ಳಾರಿ
೧೧-೬-೧೯೩೪

ಉಪಾಧ್ಯಾಯಿನಿ ಮರುಳಸಿದ್ದಮ್ಮನವರಿಗೆ ಶರಣು.

ತಡವಾದದ್ದಕ್ಕೆ ಕ್ಷಮೆ ಇರಲಿ. ಹೊಸಪೇಟೆಯ ಕಡತಗಳು ಎರಡು ಬಂಡಿ ಆದವು. ಅವನ್ನು ಇಲ್ಲಿಯ ಕಪಾಟಿಗೆ ಏರಿಸಿ, ಹೊಸ ನಂಬರು ಬರೆಯುವುದರಲ್ಲೇ ಎರಡು ತಿಂಗಳು ಹೋಯಿತು. ಈಗ ನಿಯಮದ ಪುಸ್ತಕ ಕೈಗೆ ಸಿಕ್ಕಿದೆ. ರಾತ್ರಿ ಖಾನಾವಳಿಯಲ್ಲಿ ಊಟಕ್ಕೆ ಕೂತಾಗಲೂ ಅದನ್ನೇ ಓದುತ್ತಿದ್ದೇನೆ.

ಬೇಸರದ ಸಂಗತಿ ಎಂದರೆ ನಿಮ್ಮ ಫಾರಂ ತಿರುಗಿ ಬಂದಿದೆ. ಈ ಕಚೇರಿಯ ಹನ್ನೊಂದನೆಯ ಕಲಮಿನ ಪ್ರಕಾರ ಕುಟುಂಬದವರು ಇರುವಾಗ ಬೇರೆಯವರ ಹೆಸರು ಬರೆಯುವಂತಿಲ್ಲ. ಗಂಡ, ಮಕ್ಕಳು, ಹೀಗೆ. ಆದರೆ ನೀವು ಗಾಬರಿಯಾಗುವುದು ಬೇಡ. ಕುಟುಂಬವೇ ಇಲ್ಲದವರು ಯಾರ ಹೆಸರನ್ನಾದರೂ ಬರೆಯಬಹುದು. ನಿಮ್ಮ ಸರ್ವಿಸು ರಿಜಿಸ್ಟರಿನಲ್ಲಿ "ವಿಧವೆ, ಮಕ್ಕಳಿಲ್ಲ, ಗಂಡನ ಹೆಸರು ಜಡೆಪ್ಪ, ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಕೆಲಸ" ಎಂದಿದೆ. ಹಾಗಿರುವಾಗ ಯಜಮಾನರ ಸಾವಿನ ದಾಖಲೆ ಒಂದನ್ನು ಲಗತ್ತಿಸಿದರೆ ಮುಗಿಯಿತು. ನಿಂಗಕ್ಕನವರ ಹೆಸರು ಹಾಗೇ ಉಳಿಯುತ್ತದೆ.

ತೋಟಪ್ಪ


ಕಂಪ್ಲಿ
೨-೭-೧೯೩೪

ಗುಮಾಸ್ತರಿಗೆ ಶರಣು.

ದಾಖಲೆ ಇಲ್ಲ. ಭಾಳ ಹಿಂದಿನ ಮಾತು. ಸಂಡೂರು ಸಂಸ್ಥಾನ, ನಮ್ಮ ಸರ್ಕಾರದ್ದಲ್ಲ. ಅಲ್ಲಿಂದ ತರಿಸುವುದು ನನ್ನಿಂದ ಆಗುವುದಿಲ್ಲ. ಫಾರಂ ಹಾಗೇ ಇರಲಿ, ಬಿಟ್ಟುಬಿಡಿ.

ಮರುಳಸಿದ್ದಮ್ಮ


ಬಳ್ಳಾರಿ
೨೮-೮-೧೯೩೪

ಅಕ್ಕೋರಿಗೆ ಶರಣು.

ನಿಮ್ಮ ಕಾಗದ ಓದಿ ಮನಸ್ಸಿಗೆ ಕಷ್ಟವಾಯಿತು. ಹಳೆಯ ದುಃಖವನ್ನು ಕಾಗದಕ್ಕಾಗಿ ಕೆದಕಬೇಕಾಗಿ ಬಂತು. ಆದರೆ ಬಿಟ್ಟುಬಿಡಿ ಎಂದು ನೀವು ಬರೆದದ್ದನ್ನು ನಾನು ಒಪ್ಪಲಾರೆ. ಫಾರಂ ಇಲ್ಲದೆ ಸತ್ತ ಒಬ್ಬ ಮೇಷ್ಟ್ರ ಫಂಡು ಆರು ವರ್ಷ ಯಾರಿಗೂ ಸೇರದೆ ಉಳಿದದ್ದನ್ನು ಹೊಸಪೇಟೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅವರ ತಂಗಿ ಪ್ರತಿ ಸೋಮವಾರ ಬಂದು ಕಚೇರಿಯ ಕಟ್ಟೆಯ ಮೇಲೆ ಕೂಡುತ್ತಿದ್ದಳು.

ನೀವು ಓಡಾಡುವುದು ಬೇಡ ಎಂದು ನಾನೇ ಒಂದು ಕೆಲಸ ಮಾಡಿದ್ದೇನೆ. ಸಂಡೂರಿನ ಹುಜೂರು ಕಚೇರಿಗೆ ಒಂದು ಕಾಗದ ಬರೆದಿದ್ದೇನೆ. ಜಡೆಪ್ಪ ಎಂಬವರು ಮ್ಯಾಂಗನೀಸ್ ಗಣಿಯಲ್ಲಿ ಕೆಲಸಕ್ಕಿದ್ದರು, ಅವರು ತೀರಿಕೊಂಡ ತಾರೀಖು ತಿಳಿಸಬೇಕು, ಕಂಪ್ಲಿಯ ಶಾಲೆಯಲ್ಲಿರುವ ಅವರ ಹೆಂಡತಿಯ ಫಂಡಿನ ಸಲುವಾಗಿ ಬೇಕಾಗಿದೆ ಎಂದು. ಮೇಲಿನವರ ಸಹಿಗೆ ಕಾದರೆ ವರ್ಷವಾಗುತ್ತದೆ, ಅದಕ್ಕೆ ನನ್ನ ಹೆಸರಿನಲ್ಲೇ ಕಳಿಸಿದೆ. ಜವಾಬು ಬಂದ ಕೂಡಲೇ ತಿಳಿಸುತ್ತೇನೆ. ನೀವು ನಿಶ್ಚಿಂತರಾಗಿರಿ.

ತೋಟಪ್ಪ


ಕಂಪ್ಲಿ
೩೧-೮-೧೯೩೪

ಗುಮಾಸ್ತರೆ, ದಯವಿಟ್ಟು ಆ ಕಾಗದವನ್ನು ವಾಪಸು ತರಿಸಿರಿ. ಈ ಕಾಗದ ತಲುಪಿದ ದಿನವೇ ತರಿಸಿರಿ.

ಮರುಳಸಿದ್ದಮ್ಮ


ಬಳ್ಳಾರಿ
೨೬-೧೧-೧೯೩೪

ಅಕ್ಕೋರಿಗೆ ಶರಣು.

ಮೂರು ತಿಂಗಳು ಬರೆಯಲಿಲ್ಲ. ಕಾಗದವನ್ನು ವಾಪಸು ತರಿಸಲು ಆಗಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಡೂರಿನಿಂದ ಜವಾಬು ಈ ದಿನ ಬಂತು. ಸಾವಿನ ದಾಖಲೆ ಇಲ್ಲ ಎಂದು ಬರೆದಿದ್ದಾರೆ. ಯಾಕೆ ಇಲ್ಲ ಎಂಬುದನ್ನೂ ಬರೆದಿದ್ದಾರೆ. ಆ ಮನುಷ್ಯನನ್ನು ಕರೆಸಿ ಕೇಳಿದರಂತೆ.

ಬಂದ ಕಾಗದಕ್ಕೆ ಅದೇ ದಿನ ನಂಬರು ಹಾಕಿ ಕಡತಕ್ಕೆ ಸೇರಿಸಬೇಕು. ನಾನು ಹಾಕಿಲ್ಲ. ನನ್ನ ಮೇಜಿನ ಖಾನೆಯಲ್ಲಿದೆ. ನಾನು ಏನು ಮಾಡಬೇಕೆಂದು ಹೇಳಿರಿ.

ತೋಟಪ್ಪ


ಕಂಪ್ಲಿ
೨-೧೨-೧೯೩೪

ಗುಮಾಸ್ತರಿಗೆ ಶರಣು.

ಜಡೆಪ್ಪ ಬದುಕಿದ್ದಾರೆ. ಆ ಹೆಸರನ್ನು ರಿಜಿಸ್ಟರಿನಲ್ಲಿ ಬೇರೆಯವರು ಬರೆದಿದ್ದರು. ನನ್ನ ಕೈಯಿಂದ ಬರೆಯುತ್ತಿರುವುದು ಇದೇ ಮೊದಲು.

ನಿಮ್ಮ ಕಾಗದ ಬರುವ ಮೂರು ದಿನ ಮೊದಲು ಅವರೇ ಶಾಲೆಗೆ ಬಂದರು. ಮಧ್ಯಾಹ್ನ, ಮಕ್ಕಳು ಹದಿಮೂರರ ಮಗ್ಗಿ ಹೇಳುತ್ತಿದ್ದರು. ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ನನಗಿಂತ ಎಂಟೇ ವರ್ಷ ದೊಡ್ಡವರು, ಆದರೂ ಮುದುಕ ಎಂದೇ ಅನಿಸಿತು. ಬೆರಳ ಸಂದಿಗಳಲ್ಲಿ ಅದಿರಿನ ಕಪ್ಪು ಧೂಳು ಕೂತುಬಿಟ್ಟಿತ್ತು. ನನಗೆ ಗುರುತು ಹತ್ತಲಿಲ್ಲ. ಕೆಮ್ಮಿ ಸುಧಾರಿಸಿಕೊಂಡು, "ನಾನು ಸತ್ತೀನೋ ಇದ್ದೀನೋ ಅಂತ ಕಾಗದ ಬಂದಿತ್ತು. ಕೇಳಿದಾಕಿ ಹೆಂಗದಾಳ ನೋಡಾಣ ಅಂತ ಬಂದೆ" ಅಂದರು. ನಾನು ನೀರು ಕೊಟ್ಟೆ. ಭಾನುವಾರ ಮನೆಗೆ ಬರಲು ಹೇಳಿದೆ. ಮಕ್ಕಳು ಮಗ್ಗಿಯನ್ನು ನಿಲ್ಲಿಸಿರಲಿಲ್ಲ, ಅದೊಂದು ಒಳ್ಳೆಯದಾಯಿತು.

ಇನ್ನು ನಾನು ಹೇಳಿದ ಸುಳ್ಳಿನ ವಿಷಯ. ಹತ್ತನೇ ವಯಸ್ಸಿಗೆ ನನ್ನ ಮದುವೆಯಾಯಿತು. ಹದಿನಾಲ್ಕಕ್ಕೆ ದರೋಜಿಯಲ್ಲಿದ್ದ ಗಂಡನ ಮನೆಗೆ ಹೋದೆ. ಎರಡು ವರ್ಷಕ್ಕೆ ಅವರು ಗಣಿ ಕೆಲಸಕ್ಕೆಂದು ಸಂಡೂರಿಗೆ ಹೋಗಿ, ಅಲ್ಲೇ ಇನ್ನೊಬ್ಬಳ ಜತೆ ಮನೆ ಮಾಡಿದರು. ನನ್ನ ಕಾಲ್ಗುಣದಿಂದ ಮಗ ದೂರವಾದ ಎಂದು ಅತ್ತೆ ನನ್ನನ್ನು ಹೊರಗೆ ಹಾಕಿದರು. ತವರಿನಲ್ಲಿ ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ. ಕಬ್ಬು ಕಡಿಯುವವರ ಹಿಂದೆ ನಡೆದು ಕಂಪ್ಲಿಗೆ ಬಂದೆ. ಆಲೆಮನೆಯ ಕೊಪ್ಪರಿಗೆಗೆ ಬೆಂಕಿ ಹಾಕುತ್ತಿದ್ದ ನಿಂಗಕ್ಕ ನನ್ನನ್ನು ಏನೂ ಕೇಳಲಿಲ್ಲ. ಬಿಸಿ ಬೆಲ್ಲ, ರೊಟ್ಟಿ ಕೊಟ್ಟಳು. ಅವಳ ಜಾತಿ ಬೇರೆ, ನನ್ನದು ಬೇರೆ. ಮೊದಲ ವರ್ಷ ಒಂದೇ ಗುಡಿಸಲಲ್ಲಿ ಎರಡು ಒಲೆ ಹೂಡಿದ್ದೆವು. ಆಮೇಲೆ ಒಂದೇ ಒಲೆ ಸಾಕಾಯಿತು.

ನನಗೆ ಅಕ್ಷರ ಬರುತ್ತದೆಂದು ಗೊತ್ತಾದಾಗ ಅವಳೇ ಶಾಲೆಗೆ ಹೋಗಿ ಅಲ್ಲಿ ಪಾಠ ಹೇಳುತ್ತಿದ್ದ ಹಿರಿಯ ಬಾಯಿಯವರನ್ನು ಕಾಡಿದಳು. ತರಬೇತಿಗೆ ಸೇರಬೇಕಾದರೆ ವಿಧವೆಯರಿಗೆ ಮಾತ್ರ ತಿಂಗಳಿಗೆ ಆರು ರೂಪಾಯಿ ಸಹಾಯವಿತ್ತು. ಗಂಡ ಇರುವವಳಿಗೆ ಗಂಡನ ಒಪ್ಪಿಗೆ ಬೇಕು. ಗಂಡ ಎಲ್ಲಿದ್ದ? ಅರ್ಜಿ ಹಿಡಿದು ಅಳುತ್ತ ಕೂತಿದ್ದೆ. ನಿಂಗಕ್ಕ ತನ್ನ ಸೆರಗಿನಿಂದ ನನ್ನ ಹಣೆ ಒರೆಸಿದಳು. "ನಿನ್ ಕುಂಕುಮ ಅಳಿಸಿದ್ರ ಅವ ಸಾಯಂಗಿಲ್ಲ. ನೀನು ಬದುಕ್ತಿ, ಅಷ್ಟ" ಅಂದಳು. ನಾನು ವಿಭೂತಿ ಹಚ್ಚಿಕೊಂಡು ಬಳ್ಳಾರಿಯ ಗಾಡಿ ಹತ್ತಿದೆ. ಫಾರಮಿನ ಸಂಬಂಧದ ಅಂಕಣದಲ್ಲಿ ಏನು ಬರೆಯಬೇಕೋ ನನಗೆ ತಿಳಿಯದ್ದು ಇದಕ್ಕೇ.

ಜಡೆಪ್ಪ ಭಾನುವಾರ ಬಂದರು. ನಿಂಗಕ್ಕ ಅವರಿಗೆ ಊಟಕ್ಕೆ ಬಡಿಸಿದಳು. ಸಂಡೂರಿನ ಆ ಹೆಂಗಸು ತೀರಿಹೋಗಿದ್ದಾಳಂತೆ. ಗಣಿಯವರು ಈಗ ಭಾರದ ಕೆಲಸ ಕೊಡುವುದಿಲ್ಲವಂತೆ. ಅವರು ಒಂದು ಸಲವೂ ದನಿ ಏರಿಸಲಿಲ್ಲ. ಏಳುವ ಮುಂಚೆ ಎಲೆ ಮಡಿಸುತ್ತ, "ನಾನು ಜೀವಂತ ಇದ್ದೀನಿ ಅಂತ ಬೋರ್ಡಿಗೆ ಅರ್ಜಿ ಕೊಟ್ರ ನಿನ್ ಕೆಲ್ಸ ಉಳಿತದೇನು?" ಎಂದು ಕೇಳಿದರು. ಹೆದರಿಸಿದರೋ, ನಿಜವಾಗಿಯೂ ತಿಳಿಯದೆ ಕೇಳಿದರೋ, ಇನ್ನೂ ನನಗೆ ಗೊತ್ತಾಗಿಲ್ಲ.

ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಮರುಳಸಿದ್ದಮ್ಮ


ಬಳ್ಳಾರಿ
೨೦-೧೨-೧೯೩೪

ಅಕ್ಕೋರಿಗೆ ತೋಟಪ್ಪನ ಶರಣು ಶರಣಾರ್ಥಿ.

ನಿಮ್ಮ ಕಾಗದವನ್ನು ಕಚೇರಿಯಲ್ಲಿ ಓದಲಾಗದೆ ಕೋಟೆಯ ಕೆಳಗೆ ಹೋಗಿ ಕೂತು ಓದಿದೆ. ಒಳ್ಳೆಯದನ್ನು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಮ್ಮನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಸಿಟ್ಟು ಇರಲಿ, ಇಟ್ಟುಕೊಳ್ಳಿರಿ.

ಈಗ ಇನ್ನೊಂದು ಸಂಗತಿ. ಫಂಡಿನ ಆಡಳಿತ ಇಲ್ಲಿಂದಲೂ ಹೊರಟಿತು. ಬರುವ ಏಪ್ರಿಲಿನಿಂದ ಮದ್ರಾಸಿನ ಲೆಕ್ಕದ ಕಚೇರಿಗೆ ಸೇರುತ್ತದೆ. ಅವರ ನಿಯಮಗಳು ಮತ್ತೆ ಬೇರೆ. ಹೋದ ವಾರ ನಲವತ್ತು ತಿದ್ದುಪಡಿ ಚೀಟಿಗಳು ಬಂದವು. ಅವನ್ನು ಕತ್ತರಿಸಿ, ಗಂಜಿ ಹಚ್ಚಿ, ಪುಸ್ತಕದ ಹಳೆಯ ಸಾಲಿನ ಮೇಲೆ ಅಂಟಿಸುವುದು ನನ್ನ ಕೆಲಸ. ಉಳಿದ ಗುಮಾಸ್ತರು ಓದದೆ ಅಂಟಿಸುತ್ತಾರೆ. ನನಗೆ ಓದುವ ಚಟ. ಹನ್ನೊಂದನೆಯ ಕಲಮಿಗೆ ಬಂದ ಚೀಟಿಯಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ:

"ಚಂದಾದಾರಳು ಹೆಂಗಸಾಗಿದ್ದು, ತನ್ನ ಗಂಡನನ್ನು ಕುಟುಂಬದಿಂದ ಹೊರಗಿಡಲು ಇಚ್ಛಿಸುವುದಾಗಿ ಬರವಣಿಗೆಯಲ್ಲಿ ತಿಳಿಸಿದಲ್ಲಿ, ಈ ನಿಯಮಗಳ ಮಟ್ಟಿಗೆ ಅವನು ಆಕೆಯ ಕುಟುಂಬದವನೆಂದು ಎಣಿಸತಕ್ಕದ್ದಲ್ಲ."

ಅಷ್ಟೇ. ಕಾರಣ ಕೇಳುವುದಿಲ್ಲ, ಅವರ ಒಪ್ಪಿಗೆಯೂ ಬೇಡ, ಕೋರ್ಟೂ ಬೇಡ. ಒಂದು ಸಾಲು ಬರೆದು ಸಹಿ ಮಾಡಿದರೆ ನಿಂಗಕ್ಕನವರ ಹೆಸರು ನಿಲ್ಲುತ್ತದೆ. ಆದರೆ ಗಂಡನನ್ನು ಹೊರಗಿಡಬೇಕಾದರೆ ಗಂಡ ಇದ್ದಾನೆಂದು ಮೊದಲು ಒಪ್ಪಬೇಕು. ಆಗ ವಿಧವೆ ಎಂದು ಬರೆಸಿದ್ದು ಸುಳ್ಳಾಗುತ್ತದೆ. ವಿಚಾರಣೆ ಆಗುತ್ತದೆ. ಕೆಲಸ ಹೋಗಲೂಬಹುದು.

ಸಂಡೂರಿನ ಜವಾಬು ಇನ್ನೂ ಖಾನೆಯಲ್ಲಿದೆ. ಅದನ್ನು ಒಲೆಗೆ ಹಾಕೆಂದರೆ ಹಾಕುತ್ತೇನೆ. ಈ ಸಲ ನಿಮ್ಮನ್ನು ಕೇಳದೆ ಏನೂ ಮಾಡುವುದಿಲ್ಲ.

ತೋಟಪ್ಪ


ಕಂಪ್ಲಿ
೨-೧-೧೯೩೫

ತೋಟಪ್ಪನವರೆ, ಶರಣು.

ಒಲೆಗೆ ಹಾಕುವುದು ಬೇಡ. ನಂಬರು ಹಾಕಿ ಕಡತಕ್ಕೆ ಸೇರಿಸಿರಿ.

ಬೋರ್ಡಿನ ಅಧ್ಯಕ್ಷರಿಗೆ ಎಲ್ಲವನ್ನೂ ಬರೆದು ಈ ದಿನವೇ ಟಪಾಲಿಗೆ ಹಾಕಿದ್ದೇನೆ. ನಾನು ಹೇಳುವುದಕ್ಕೆ ಮೊದಲು ಜಡೆಪ್ಪ ಹೇಳಿದರೆ ಜೀವಮಾನವೆಲ್ಲ ಅವರ ಕೆಮ್ಮಿನ ಸದ್ದು ಕೇಳುತ್ತ ಇರಬೇಕಾಗುತ್ತದೆ. ಆ ಕಲಮಿನ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ತಪ್ಪು ಬರೆದು ಎರಡು ಹಾಳೆ ಹಾಳಾದವು.

ಮರುಳಸಿದ್ದಮ್ಮ


ಕಂಪ್ಲಿ
೨೫-೩-೧೯೩೫

ಕೂಡ್ಲಿಗಿಯಲ್ಲಿರುವ ತಮ್ಮ ತೋಟಪ್ಪನಿಗೆ ಮರುಳಸಿದ್ದಮ್ಮನ ಆಶೀರ್ವಾದ.

ಎರಡು ತಿಂಗಳಾದರೂ ನಿನ್ನಿಂದ ಒಂದು ಸಾಲೂ ಇಲ್ಲ. ನನ್ನ ಕಾಗದದಿಂದ ನೊಂದಿರಬೇಕು ಎಂದುಕೊಂಡಿದ್ದೆ. ಮೊನ್ನೆ ವಿಚಾರಣೆಗೆ ಬಳ್ಳಾರಿಗೆ ಹೋದಾಗ ಜವಾನನನ್ನು ಕೇಳಿದೆ. ನಿನ್ನ ಮೇಜಿನ ಮುಂದೆ ಬೇರೆ ಯಾರೋ ಕೂತಿದ್ದರು. ಅಪ್ಪಣೆ ಇಲ್ಲದೆ ಪರಸಂಸ್ಥಾನಕ್ಕೆ ಕಾಗದ ಬರೆದದ್ದಕ್ಕೆ, ಬಂದ ಜವಾಬನ್ನು ತಿಂಗಳ ಮೇಲೆ ಖಾನೆಯಲ್ಲಿ ಇಟ್ಟುಕೊಂಡದ್ದಕ್ಕೆ ನಿನಗೆ ಮೆಮೋ ಕೊಟ್ಟು ಕೂಡ್ಲಿಗಿಗೆ ಹಾಕಿದರೆಂದು ಅವನು ಹೇಳಿದ. ಇನ್ನೂ ಚಿಕ್ಕ ವಯಸ್ಸು ಎಂದೂ ಹೇಳಿದ. ಇಷ್ಟು ದಿನ ನಿನ್ನನ್ನು ಕನ್ನಡಕದ ಮುದುಕ ಎಂದುಕೊಂಡಿದ್ದೆ ನೋಡು. ನಂಬರು ಹಾಕು ಎಂದು ನಾನು ಬರೆದಾಗ ಅದು ನಿನಗೇ ಕುತ್ತೆಂದು ಯಾಕೆ ಹೇಳಲಿಲ್ಲ?

ವಿಚಾರಣೆ ಅರ್ಧ ಗಂಟೆ ನಡೆಯಿತು. ಅಧ್ಯಕ್ಷರು ಕೆಟ್ಟವರಲ್ಲ. "ಹದಿನಾರು ವರ್ಷ ಸುಳ್ಳು ಹೇಳಿದಿರಿ. ಈಗ ಯಾಕ ನಿಜ ಹೇಳ್ತೀರಿ?" ಎಂದು ಕೇಳಿದರು.

"ಆವಾಗ ನಿಜ ಹೇಳಿದ್ರ ಬದುಕಾಕ ದಾರಿ ಇದ್ದಿಲ್ರಿ. ಈಗ ಐತಿ" ಅಂದೆ.

ನಮ್ಮ ಶಾಲೆಗೆ ಬರುವ ಇನ್‌ಸ್ಪೆಕ್ಟ್ರೆಸ್ ಅಮ್ಮನವರು ಪಕ್ಕದಲ್ಲಿ ಕೂತಿದ್ದರು. ಇವಳು ಬಂದಾಗ ಶಾಲೆಯಲ್ಲಿ ಹನ್ನೆರಡು ಹುಡುಗಿಯರಿದ್ದರು, ಈಗ ಎಪ್ಪತ್ತು ಇದ್ದಾರೆ, ಇವಳನ್ನು ತೆಗೆದರೆ ಬೀಗ ಹಾಕಬೇಕು ಎಂದು ಅವರೇ ಹೇಳಿದರು. ಕೊನೆಗೆ ಎರಡು ವರ್ಷ ಬಡ್ತಿ ಇಲ್ಲ, ತರಬೇತಿಯಲ್ಲಿ ಪಡೆದ ಸಹಾಯವನ್ನು ಸಂಬಳದಲ್ಲಿ ಹಿಡಿಯಬೇಕು ಎಂದು ತೀರ್ಮಾನವಾಯಿತು. ಕೆಲಸ ಉಳಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಜಡೆಪ್ಪನಿಗೆ ನಾನೇ ಕಾರ್ಡು ಬರೆದೆ. ಬೋರ್ಡಿಗೆ ನಾನೇ ಹೇಳಿದ್ದೇನೆ, ನಿಮ್ಮನ್ನು ಕುಟುಂಬದಿಂದ ಬಿಟ್ಟಿದ್ದೇನೆ ಎಂದು. ಯಾರ ಕೈಯಲ್ಲೋ ಬರೆಸಿದ ಜವಾಬು ಬಂತು: "ಆಗ್ಲಿ. ನಾನು ಅರ್ಜಿ ಕೊಡಾವನಿದ್ದಿಲ್ಲ. ಅವತ್ತಿನ ಊಟ ಚೊಲೊ ಇತ್ತು ಅಂತ ಬಡಿಸಿದಾಕಿಗೆ ಹೇಳು." ಅದನ್ನು ಓದಿದ ಮೇಲೆ ಅವರನ್ನು ದ್ವೇಷಿಸುವುದೂ ಕಷ್ಟವಾಗಿದೆ.

ನಿನ್ನ ಮೇಲಿದ್ದ ಸಿಟ್ಟು ಬಳ್ಳಾರಿಯ ಮೆಟ್ಟಿಲ ಮೇಲೇ ಹೋಯಿತು.

ನಿನ್ನ ಅಕ್ಕ
ಮರುಳಸಿದ್ದಮ್ಮ


ಕೂಡ್ಲಿಗಿ
೧೪-೪-೧೯೩೫

ಅಕ್ಕಾ, ಶರಣು.

ಮೊದಲೇ ಹೇಳಿದ್ದರೆ ನೀವು ಅಧ್ಯಕ್ಷರಿಗೆ ಬರೆಯುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ.

ಇಲ್ಲಿ ರಸ್ತೆ ಮೇಸ್ತ್ರಿಗಳ ಹಾಜರಿ ಬರೆಯುತ್ತೇನೆ. ಕೆಲಸ ಹಗುರ. ಚಿತ್ತವಾಡ್ಗಿಯಲ್ಲಿದ್ದ ಹೆಂಡತಿ ಚೆನ್ನಬಸಮ್ಮ ಈಗ ಇಲ್ಲಿಗೇ ಬಂದಿದ್ದಾಳೆ, ಖಾನಾವಳಿಯ ಊಟ ತಪ್ಪಿತು. ನಿಮ್ಮ ಕಾಗದಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. ಕೇಳಿದ ಮೇಲೆ ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಕೇಳದೆ ಕೆಲಸ ಮಾಡುವುದು ನನಗೆ ಮನೆಯಲ್ಲೂ ಅಭ್ಯಾಸವಂತೆ.

ಬಳ್ಳಾರಿಯಲ್ಲಿ ನನ್ನ ಜಾಗದಲ್ಲಿರುವವರಿಗೆ ಮದ್ರಾಸಿನ ನಿಯಮ ಇನ್ನೂ ತಿಳಿದಿಲ್ಲ. ನಿಮ್ಮ ಫಾರಂ ಏನಾಯಿತೆಂದು ನೀವೇ ಕೇಳುತ್ತಿರಬೇಕು. ಕಲಮಿನ ನಂಬರು ಹೇಳಿ ಕೇಳಿರಿ. ನಂಬರು ಹೇಳಿದರೆ ಕಚೇರಿಯವರು ತಲೆ ಎತ್ತಿ ನೋಡುತ್ತಾರೆ.

ನಿಮ್ಮ ತಮ್ಮ
ತೋಟಪ್ಪ


ಕಂಪ್ಲಿ
೨೧-೭-೧೯೩೫

ತಮ್ಮ ತೋಟಪ್ಪನಿಗೆ, ಚೆನ್ನಬಸಮ್ಮನಿಗೆ ಆಶೀರ್ವಾದ.

ಮದ್ರಾಸಿನಿಂದ ಕಾಗದ ಬಂತು. ನಿಂಗಕ್ಕನ ಹೆಸರು ದಾಖಲಾಗಿದೆ. ಸಂಬಂಧದ ಅಂಕಣದಲ್ಲಿ "ಸಾಕಿದಾಕೆ" ಎಂದು ಬರೆದಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಏನೆಂದು ಮಾಡಿಕೊಂಡರೋ, ಒಪ್ಪಿದ್ದಾರೆ.

ನಿಂಗಕ್ಕನಿಗೆ ಓದಿ ಹೇಳಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. "ನಾ ಇನ್ನೂ ಗಟ್ಟಿ ಅದೀನಿ, ನೀ ಸಾಯಾ ಮಾತು ಯಾಕ ಬರಸ್ಕಂಡು ಕುಂತಿ" ಎಂದು ಬೈದಳು. ಆ ದಿನವೆಲ್ಲ ಬೈದಳು. ಮರುದಿನ ಆಲೆಮನೆಗೆ ಹೋಗಿ ಎಲ್ಲರಿಗೂ ಹೇಳಿ ಬಂದಿದ್ದಾಳೆ, ಸರ್ಕಾರದ ಪುಸ್ತಕದಾಗ ನನ್ ಹೆಸ್ರು ಬಂದೈತಿ ಎಂದು.

ನೀನು ಹೇಳಿದಂತೆ ಬಳ್ಳಾರಿಗೆ ಕಲಮಿನ ನಂಬರು ಹಾಕಿಯೇ ಬರೆಯುತ್ತಿದ್ದೆ. ಅದು ಹೇಗೋ ಬೇರೆ ಶಾಲೆಗಳಿಗೂ ಗೊತ್ತಾಗಿದೆ. ಮೇಷ್ಟ್ರುಗಳು, ಬಾಯಿಯವರು ತಮ್ಮ ಫಾರಂ ಹಿಡಿದು ಬರುತ್ತಾರೆ. ತಿದ್ದುಪಡಿ ಚೀಟಿಗಳ ಒಂದು ಪ್ರತಿ ಶಾಲೆಗೂ ಬರುತ್ತದೆ. ನಾನೇ ಗಂಜಿ ಕಾಸಿ ಅಂಟಿಸುತ್ತೇನೆ. ಓದಿಯೇ ಅಂಟಿಸುತ್ತೇನೆ.

ಮೊನ್ನೆ ಭಾನುವಾರ ದರೋಜಿ ಶಾಲೆಯ ವಿರುಪಮ್ಮ ಬಂದಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ. ಬಿಸಿಲಲ್ಲೂ ಸೆರಗನ್ನು ಕುತ್ತಿಗೆಯವರೆಗೆ ಬಿಗಿಯಾಗಿ ಹೊದ್ದಿದ್ದಳು. ಅವಳ ಫಾರಂ ಗಂಡನೇ ತುಂಬಿದ್ದ, ಅವಳು ಸಹಿ ಮಾತ್ರ ಮಾಡಿದ್ದಳು. ಎಲ್ಲ ಸರಿ ಇದೆಯೇ ನೋಡಿ ಅಕ್ಕೋರೆ ಎಂದು ಕೇಳಿದಳು. ಎಲ್ಲ ಸರಿಯಾಗಿಯೇ ಇತ್ತು. ಫಾರಂ ಹಿಂದಕ್ಕೆ ಕೊಡುವ ಮುಂಚೆ ಹನ್ನೊಂದನೆಯ ಕಲಮನ್ನು ಒಮ್ಮೆ ಓದಿದೆ. ಎಲ್ಲರಿಗೂ ಓದುತ್ತೇನೆ, ಅದರಲ್ಲಿ ವಿಶೇಷವೇನಿಲ್ಲ.

"ಇನ್ನೊಂದು ಸಲ ಓದ್ರಿ" ಅಂದಳು.

ಓದಿದೆ. ಅವಳು ನೆಲ ನೋಡುತ್ತ ಕೂತಳು. ನಿಂಗಕ್ಕ ಮಜ್ಜಿಗೆ ತಂದುಕೊಟ್ಟಳು, ಪೂರ್ತಿ ಕುಡಿದಳು. ಆಮೇಲೆ, ಒಂದು ಬಿಳಿ ಹಾಳೆ ಇದ್ದರೆ ಕೊಡ್ತೀರಾ ಎಂದು ಮೆಲ್ಲಗೆ ಕೇಳಿದಳು.

ನಾನು ಏನನ್ನೂ ಕೇಳಲಿಲ್ಲ. ಒಂದು ಹಾಳಾದರೆ ಇರಲಿ ಎಂದು ನೋಟುಬುಕ್ಕಿನಿಂದ ಎರಡು ಹಾಳೆ ಹರಿದು ಕೊಟ್ಟೆ.

ನಿನ್ನ ಅಕ್ಕ
ಮರುಳಸಿದ್ದಮ್ಮ